ಬೀಗರೆದುರು ಬಿಳಿ ಕಾಯಿ

ನಮ್ಮ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಅಚ್ಚುಮೊಳೆಗಳ ಹಳೆಯ ಕಪಾಟೊಂದು ಇನ್ನೂ ಉಳಿದಿದೆ. ಈಗ ರೋಣದಲ್ಲಿ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕಿಸುವವರು ಯಾರೂ ಇಲ್ಲ. ನಾನೂ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿ ಫ್ಲೆಕ್ಸ್ ತೆಗೆಯುವವನೇ. ಆದರೂ ಅಪ್ಪನ ಕಾಲದ ಕಪಾಟನ್ನು ಗುಜರಿಗೆ ಹಾಕಲು ಮನಸ್ಸು ಬಂದಿಲ್ಲ. ಮೊನ್ನೆ ಅದರೊಳಗೆ ಇಲಿ ಸೇರಿಕೊಂಡು ಗದ್ದಲ ಮಾಡುತ್ತಿದೆಯೆಂದು ಖಾನೆಗಳನ್ನು ಒಂದೊಂದಾಗಿ ಹೊರಗೆಳೆದೆ. ಇಲಿ ಸಿಗಲಿಲ್ಲ. ದಪ್ಪನೆಯ ಸೀಸದ 'ಶ್ರೀ' ಒಂದು ಸಿಕ್ಕಿತು.

ನಿಮಗದು ಅಕ್ಷರವಾಗಿ ಕಂಡೀತು, ನನಗೆ ಅದು ಬಿಳಿ ಆನೆ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಚದುರಂಗದ ಡಬ್ಬಿಯಲ್ಲಿ ಒಂದು ಬಿಳಿ ಆನೆ ಕಳೆದುಹೋಗಿತ್ತು. ಅಪ್ಪ ಅದರ ಜಾಗದಲ್ಲಿ ಈ 'ಶ್ರೀ'ಯನ್ನು ನಿಲ್ಲಿಸಿದ್ದರು. ತೂಕದ ಕಾಯಿ. ಅದನ್ನು ಎತ್ತಿ ಎದುರಿನ ಪ್ಯಾದೆಯ ಮೇಲಿಟ್ಟರೆ ಹಲಗೆಯೇ ಟಕ್ಕೆನ್ನುತ್ತಿತ್ತು. ಆಡಿ ಮುಗಿಸಿ ಊಟಕ್ಕೆ ಕೂತರೆ ಅವ್ವ ನನ್ನ ಬೆರಳು ನೋಡಿ, "ಮಸಿ ತಿಕ್ಕಿ ತೊಳಕೊಂಡು ಬಾ" ಎಂದು ಎಬ್ಬಿಸುತ್ತಿದ್ದಳು. ಲಗ್ನದ ಹಂಗಾಮಿನಲ್ಲಿ 'ಶ್ರೀ'ಗಳೆಲ್ಲ ಪತ್ರಿಕೆಗಳ ನೆತ್ತಿಗೆ ಹೋಗಿಬಿಡುತ್ತಿದ್ದವು. ಆಗ ಆನೆಯಿಲ್ಲದೆ ಆಟ ನಿಲ್ಲುತ್ತಿತ್ತು. ಹೀಗಾಗಿ ಚೈತ್ರ, ವೈಶಾಖದಲ್ಲಿ ನಾವು ಆಡಿದ್ದೇ ಕಡಿಮೆ.

ಅಪ್ಪನ ಆಟ ಹಳೆಯ ಪದ್ಧತಿಯದು. ಅದರಲ್ಲಿ ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ ನಡೆಯಬೇಕು. ಮೊದಲ ಸಲ ಎರಡು ಮನೆ ದಾಟಬಹುದು ಎನ್ನುವುದು ನನಗೆ ಗೊತ್ತಾದದ್ದು ಗದಗಿಗೆ ಕಾಲೇಜಿಗೆ ಹೋದ ಮೇಲೆ. ಮನೆಗೆ ಬಂದು ಹೇಳಿದರೆ ಅಪ್ಪ ಕನ್ನಡಕದ ಮೇಲಿನಿಂದ ನೋಡಿ, "ಅವಕ್ಕೇನ್ ಅಷ್ಟ ಅವಸರ?" ಎಂದು ಕೇಳಿದರು. ನನ್ನ ಚದುರಂಗದ ವಿದ್ಯೆ ಇಷ್ಟೇ. ಊರಲ್ಲಿ ಆಡುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ನಾನು ಚೆನ್ನಾಗಿ ಆಡುತ್ತೇನೆ ಎಂಬ ನಂಬಿಕೆ ಬಹಳ ವರ್ಷ ಕೆಡದೆ ಉಳಿದಿತ್ತು.

ಅದನ್ನು ಕೆಡಿಸಿದವರು ನನ್ನ ಬೀಗರು.

ಮಗಳು ಸವಿತಾಳನ್ನು ನರಗುಂದಕ್ಕೆ ಕೊಟ್ಟಿದ್ದೇವೆ. ಅವಳ ಮಾವ ವೀರಭದ್ರಪ್ಪನವರು ಕಾಲುವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಬಹಳ ಕಡಿಮೆ. ಮದುವೆಯಾದ ಮೇಲೆ ಮೊದಲ ಸಲ ಅವರ ಮನೆಗೆ ಹೋದಾಗ ನಾವಿಬ್ಬರೂ ಪಡಸಾಲೆಯಲ್ಲಿ ಎದುರುಬದುರು ಕೂತು, ಬಿಸಿಲಿನ ವಿಷಯ ಮಾತಾಡಿ, ಬಸ್ಸಿನ ವಿಷಯ ಮಾತಾಡಿ, ಮತ್ತೆ ಬಿಸಿಲಿಗೇ ಬಂದೆವು. ಆಗ ಗೋಡೆಯ ಮಾಡದಲ್ಲಿದ್ದ ಚದುರಂಗದ ಮಣೆ ನನ್ನ ಕಣ್ಣಿಗೆ ಬಿತ್ತು.

"ಆಡ್ತೀರೇನ್ರಿ?" ಅಂದೆ.

"ಆಡ್ತೀನ್ರಿ, ಅಷ್ಟಿಷ್ಟು," ಅಂದರು. ಮಣೆ ತಂದು, ಕಾಯಿ ಹೊಂದಿಸಿ, ಬಿಳಿ ನನ್ನ ಕಡೆಗೆ ಬರುವಂತೆ ತಿರುಗಿಸಿದರು. "ಮನಿಗೆ ಬಂದವ್ರು ನೀವು. ಮೊದಲ ನೀವು ಆಡ್ರಿ."

ಅಂದಿನಿಂದ ಇದೇ ರೂಢಿಯಾಯಿತು. ತಿಂಗಳಿಗೊಮ್ಮೆ ನಾನು ನರಗುಂದಕ್ಕೆ ಹೋಗುವುದು, ಬಿಳಿ ಕಾಯಿಗಳ ಹಿಂದೆ ಕೂರುವುದು, ಸೋಲುವುದು.

ಅವರ ಆಟ ಒಂದೇ ತರಹದ್ದು. ನಾನು ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ಮುಂದಿಡುತ್ತೇನೆ. ಅವರು ವಜೀರನ ಮಗ್ಗುಲಿನ ಒಂಟೆಯ ಪ್ಯಾದೆಯನ್ನು ಒಂದೇ ಮನೆ ಸರಿಸುತ್ತಾರೆ. ಮರುನಡೆಗೆ ವಜೀರನ ಪ್ಯಾದೆ ಎರಡು ಮನೆ ಬಂದು ನನ್ನದರ ಎದುರು ನಿಲ್ಲುತ್ತದೆ. ಅದನ್ನು ತಿಂದರೆ ಹಿಂದಿನ ಪ್ಯಾದೆ ಬಂದು ಆ ಜಾಗದಲ್ಲೇ ಕೂರುತ್ತದೆ. ಎಲ್ಲಿಯೂ ಬಿರುಕಿಲ್ಲ. ಅವರು ನನ್ನ ಮೇಲೆ ಬೀಳುವವರಲ್ಲ. ನಾನೇ ಏನಾದರೂ ಮಾಡಲು ಹೋಗಿ ಕೈಸುಟ್ಟುಕೊಳ್ಳುವ ತನಕ ತಾಳ್ಮೆಯಿಂದ ಕಾಯುತ್ತಾರೆ. ಈ ತಡೆಗೆ ಕಾರೊ-ಕಾನ್ ಎಂಬ ಹೆಸರಿದೆ ಎಂದು ಆಮೇಲೆ ಮೊಬೈಲು ಹೇಳಿತು. ಬೀಗರಿಗೆ ಆ ಹೆಸರು ಗೊತ್ತಿರಲಿಲ್ಲ. "ನಮ್ಮ ಸಾಹೇಬ್ರೊಬ್ಬರು ಹಿಂಗ ಆಡ್ತಿದ್ರು. ಗಟ್ಟಿ ಅನಿಸ್ತು, ಹಿಡಕೊಂಡೆ," ಎಂದರು.

ನಮ್ಮ ಕಡೆ ಹೆಣ್ಣು ಕೊಟ್ಟವರು ಬೀಗರೆದುರು ಗೆಲ್ಲುವುದು ಅಷ್ಟು ಶೋಭೆಯಲ್ಲ. ನಾನು ಹೊರಟು ನಿಂತಾಗೆಲ್ಲ ನನ್ನ ಹೆಂಡತಿ ಶಾರದಾ, "ಗೆದ್ದುಗಿದ್ದು ಬಂದೀರಿ ಮತ್ತ," ಎಂದು ಎಚ್ಚರಿಸುತ್ತಿದ್ದಳು. ನರಗುಂದದ ಓಣಿಯಲ್ಲಿಯೂ "ರೋಣದ ಬೀಗರು ಭಾಳ ಮರ್ಯಾದಸ್ತರು, ಬೇಕಂತನ ಸೋಲ್ತಾರ" ಎಂಬ ಮಾತು ಹುಟ್ಟಿತ್ತು. ನಾನು ಅಲ್ಲಗಳೆಯಲಿಲ್ಲ. ಗೆಲ್ಲಲು ಎಷ್ಟು ಒದ್ದಾಡುತ್ತಿದ್ದೆ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು, ನನಗೆ ಮತ್ತು ಬೀಗರಿಗೆ.

ಬಿಳಿಯವನಾಗಿ ನಾನು ಹಿಡಿಯದ ದಾರಿಯಿಲ್ಲ. ಮೊದಮೊದಲು ರಾಜನ ಪ್ಯಾದೆಯನ್ನು ಅವರೆದುರಿನಿಂದ ಒಳಗೆ ದಬ್ಬಿ ನೋಡಿದೆ. ಜಾಗ ಇಕ್ಕಟ್ಟಾದರೆ ಗಾಬರಿಯಾಗುತ್ತಾರೆ ಎಂದು ನನ್ನ ಲೆಕ್ಕ. ಅವರು ಒಂಟೆಯನ್ನು ಮೊದಲೇ ಹೊರಗೆ ತಂದು, ನಾನು ಕಟ್ಟಿದ ಸಾಲಿನ ಬುಡವನ್ನು ನಿಧಾನವಾಗಿ ಕೆದಕಿದರು. ಸಾಲು ಕುಸಿಯಿತು. ಆಮೇಲೆ ಕೆಲವು ತಿಂಗಳು ಪ್ಯಾದೆಗೆ ಪ್ಯಾದೆ ಬದಲಿ ಮಾಡಿಕೊಂಡೆ. ಆಗ ಸೋಲು ತಪ್ಪಿ ಆಟ ಸಮವಾಗುತ್ತಿತ್ತು, ಆದರೆ ಅಷ್ಟು ಹೊತ್ತು ಕೂತು ಇಬ್ಬರೂ ಸಹಿ ಹಾಕಿ ಎದ್ದಂತೆ ಇರುತ್ತಿತ್ತು.

ಕೊನೆಗೆ ಮೊಬೈಲಿನ ವಿಡಿಯೋಗಳಿಗೆ ಶರಣಾದೆ. ಪ್ರೆಸ್ಸಿನಲ್ಲಿ ಫ್ಲೆಕ್ಸ್ ಓಡುತ್ತಿರುವಾಗ ಒಂದು ಕಣ್ಣು ಅದರ ಮೇಲೆ, ಇನ್ನೊಂದು ವಿಡಿಯೋ ಮೇಲೆ. ಸೂಡಿಯವರೊಬ್ಬರ ಹೊಸ ಮನೆಯ ಫ್ಲೆಕ್ಸಿನಲ್ಲಿ 'ಗೃಹಪ್ರವೇಶ' ಹೋಗಿ 'ಗ್ರಹಪ್ರವೇಶ'ವಾದದ್ದು ಆ ದಿನಗಳಲ್ಲಿಯೇ. ಅವರು ಅದನ್ನು ಕಟ್ಟಿದ ಮೇಲೆ ಫೋನು ಮಾಡಿ, "ಯಾವ ಗ್ರಹ ಅಂತ ಕೇಳಾಕತ್ತಾರ್ರಿ ಮಂದಿ," ಎಂದರು. ತಿದ್ದಿದ ಇನ್ನೊಂದು ಫ್ಲೆಕ್ಸ್ ತೆಗೆದು ನಾನೇ ಹೋಗಿ ಕಟ್ಟಿ ಬಂದೆ.

ಒಂದು ವಿಡಿಯೋದಲ್ಲಿ ಹೇಳಿದ್ದು ಹೀಗೆ: ರಾಜನ ಮಗ್ಗುಲಿನ ಒಂಟೆಯ ಪ್ಯಾದೆಯನ್ನು ಒಂದು ಮನೆ ಸರಿಸಿ ನಡುವಿನದಕ್ಕೆ ಆಸರೆ ಕೊಡಿ, ಎದುರಾಳಿ ದಿಕ್ಕು ತಪ್ಪುತ್ತಾನೆ. ನಾನು ಹಾಗೇ ಮಾಡಿದೆ. ಬೀಗರು ದಿಕ್ಕು ತಪ್ಪಲಿಲ್ಲ. ಒಂದು ಪ್ಯಾದೆ ತಿಂದರು, ಇನ್ನೊಂದನ್ನು ಮುಂದೆ ಬಿಟ್ಟರು. ನಾನು ಆಸೆಯಿಂದ ಅದನ್ನು ತಿಂದೆ. ಆಗ ಅವರ ವಜೀರ ಹಲಗೆಯ ಅಂಚಿಗೆ ಬಂದು ನನ್ನ ರಾಜನಿಗೆ ಶಹ ಕೊಟ್ಟಿತು. ಪ್ಯಾದೆ ಅಡ್ಡ ಇಟ್ಟೆ. ವಜೀರ ನಡುವಿನ ಪ್ಯಾದೆಯನ್ನು ತಿಂದು ಮತ್ತೆ ಶಹ ಕೊಟ್ಟಿತು. ಈ ಸಲ ಮೂಲೆಯ ಆನೆಯೂ ಅದರ ಕಣ್ಣಳತೆಯಲ್ಲಿತ್ತು.

"ನಿಮ್ಮ ಆನಿ ತೊಗೋಬೇಕಾಗ್ತದ್ರಿ," ಎಂದರು ಬೀಗರು. ನಿಜಕ್ಕೂ ಬೇಸರದ ದನಿಯಲ್ಲಿ.

"ತೊಗೋರ್ರಿ," ಅಂದೆ.

ಇದೆಲ್ಲ ನಗೆಯ ಮಾತು. ಆದರೆ ಈ ವರ್ಷ ಒಂದು ಸಲ ನರಗುಂದಕ್ಕೆ ಹೋಗುವಾಗ ನನ್ನ ಎದೆಯಲ್ಲಿ ಇನ್ನೊಂದು ವಿಷಯವಿತ್ತು.

ಸವಿತಾ ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿ ಕಲಿತವಳು. ಮದುವೆಯ ಮರುವರ್ಷ ಅವಳ ಅತ್ತೆ ಗಿರಿಜವ್ವನವರಿಗೆ ಲಕ್ವಾ ಹೊಡೆದು ಎಡಗಾಲು, ಎಡಗೈ ಬಿದ್ದವು. ಮಾತೂ ಕೆಲವು ತಿಂಗಳು ತೊದಲಿತು. ಅವರನ್ನು ಹಾಸಿಗೆಯಿಂದ ಎಬ್ಬಿಸಿ, ಕೋಲು ಹಿಡಿಸಿ, ಪಡಸಾಲೆಯ ತನಕ ನಡೆಸಿಕೊಂಡು ಬಂದವಳು ಸವಿತಾ. ಅವಳ ವಿದ್ಯೆ ಅಷ್ಟಕ್ಕೇ ನಿಂತಿತ್ತು. ಈಗ ಗಜೇಂದ್ರಗಡದಲ್ಲಿ ಹೊಸದಾಗಿ ತೆರೆದ ಖಾಸಗಿ ದವಾಖಾನೆಯೊಂದರಿಂದ ಕರೆ ಬಂದಿತ್ತು. ಆದರೆ ನರಗುಂದದಿಂದ ಗಜೇಂದ್ರಗಡಕ್ಕೆ ದಿನಾ ಬಸ್ಸು ಬದಲಿಸಿ ಹೋಗಿ ಬರುವುದೆಂದರೆ ಹಗಲೆಲ್ಲ ರಸ್ತೆಯಲ್ಲೇ ಕಳೆದಂತೆ. ರೋಣದಿಂದಾದರೆ ಒಂದೇ ಬಸ್ಸು. ವಾರದ ಕೆಲಸದ ದಿನಗಳಲ್ಲಿ ನಮ್ಮ ಮನೆಯಲ್ಲಿದ್ದು ನೌಕರಿ ಮಾಡಿ, ರಜೆಗೆ ನರಗುಂದಕ್ಕೆ ಹೋಗುವುದು ಅವಳ ಯೋಚನೆ. ಅಳಿಯ ಬೀಜದ ಕಂಪನಿಯ ಕೆಲಸದ ಮೇಲೆ ಊರೂರು ತಿರುಗುವವರು. ಅವರು ಒಪ್ಪಿದ್ದರು. ಮಾವನನ್ನು ಕೇಳಿದರೆ "ನೋಡೂಣು" ಅಂದಿದ್ದರಂತೆ. ಮತ್ತೊಮ್ಮೆ ಕೇಳಿದಾಗಲೂ "ನೋಡೂಣು."

"ಅಪ್ಪಾ, ನೀವರೆ ಒಂದು ಮಾತು ಕೇಳ್ರಿ," ಎಂದಳು ಸವಿತಾ ಫೋನಿನಲ್ಲಿ. "ಬ್ಯಾಡ ಅಂದ್ರ ಬ್ಯಾಡ ಅನ್ಲಿ. ದವಾಖಾನ್ಯಾಗ ಸೋಮವಾರದೊಳಗ ಹೇಳಬೇಕು. ಮಾವ ಏನೂ ಅನ್ನವಲ್ರು."

ಮದುವೆಯಾದ ಮಗಳನ್ನು ತವರಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಅವಳ ತಂದೆಯೇ ಹೋಗಿ ಬೀಗರಿಗೆ ಹೇಗೆ ಹೇಳುವುದು? ರೋಣದಲ್ಲಿ ಬಸ್ಸು ಹತ್ತಿದಾಗ ನನ್ನ ತಲೆಯಲ್ಲಿ ನಾಲ್ಕಾರು ಪೀಠಿಕೆಗಳು ಸಿದ್ಧವಿದ್ದವು. ಯಾವಗಲ್ ದಾಟುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಎಲ್ಲದಕ್ಕೂ ಅವರ ಉತ್ತರ ಏನೆಂದು ನನಗೆ ಗೊತ್ತಿತ್ತು.

ನರಗುಂದದಲ್ಲಿ ಅಂದು ಅಳಿಯ ಮನೆಯಲ್ಲಿರಲಿಲ್ಲ. ಸವಿತಾ ಚಹಾ ಕೊಟ್ಟು ಬೇಕೆಂದೇ ಮಾಳಿಗೆಗೆ ಹೋದಳು. ಗಿರಿಜವ್ವ ಒಳಕೋಣೆಯಲ್ಲಿ ಮಲಗಿದ್ದಾರೆಂದು ಬೀಗರು ಹೇಳಿದರು. ಮಣೆ ಬಂತು. ಬಿಳಿ ನನ್ನ ಕಡೆ.

ರಾಜನ ಪ್ಯಾದೆ ಇಟ್ಟೆ. ಅವರು ಎಂದಿನಂತೆ ಒಂಟೆಯ ಪ್ಯಾದೆಯನ್ನು ಒಂದು ಮನೆ ಸರಿಸಿದರು. ನನಗೆ ಆ ದಿನ ಯಾವ ವಿಡಿಯೋವೂ ನೆನಪಾಗಲಿಲ್ಲ, ಜಗಳಾಡುವ ಮನಸ್ಸೂ ಇರಲಿಲ್ಲ. ವಜೀರನ ಮುಂದಿನ ಪ್ಯಾದೆಯನ್ನು ಹಿಡಿದು, ಎರಡು ಮನೆ ದಾಟಿಸುವ ಬದಲು ಅಪ್ಪ ಮಾಡುತ್ತಿದ್ದ ಹಾಗೆ ಒಂದೇ ಮನೆ ಸರಿಸಿ ಬಿಟ್ಟೆ.

ಬೀಗರು ತಲೆಯೆತ್ತಿದರು. ಇಷ್ಟು ವರ್ಷಗಳಲ್ಲಿ ಎರಡನೆಯ ನಡೆಗೆ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು.

"ಒಂದ ಮನಿ?"

"ಹೌದ್ರಿ. ನಮ್ಮಪ್ಪ ಹಿಂಗ ಆಡ್ತಿದ್ರು."

"ಹಂಗಂದ್ರ ನೀವು ಇವತ್ತ ಗುದ್ದಾಡೂದಿಲ್ಲ."

"ಇಲ್ರಿ. ಮನ್ಯಾಗ ಕುಂತು ನೋಡೂದು."

ಅವರು ಸ್ವಲ್ಪ ನಕ್ಕ ಹಾಗೆ ಕಂಡಿತು. ಕುದುರೆಯನ್ನು ನನ್ನ ವಜೀರನ ಮುಂದೆಯೇ ಇಟ್ಟೆ, ಇನ್ನೊಂದು ಕುದುರೆ ಹೊರಗೆ ತಂದೆ, ರಾಜನನ್ನು ಮೂಲೆಗೆ ಸೇರಿಸಿದೆ. ಅವರ ಕಾಯಿಗಳಿಗೂ ನನ್ನ ಕಾಯಿಗಳಿಗೂ ಎಲ್ಲಿಯೂ ತಾಕಲಾಟವಿಲ್ಲ. ನನ್ನ ಸೇನೆ ಇಡಿಯಾಗಿತ್ತು, ಅವರದೂ ಇಡಿಯಾಗಿತ್ತು. ಇನ್ನು ಯಾರು ಮೊದಲು ಮುಂದೆ ಬರಬೇಕು ಎಂಬುದಷ್ಟೇ ಉಳಿದಿತ್ತು. ಬೀಗರಿಗೆ ಇದು ಹೊಸದು. ನಾನು ಹೊಡೆದಾಗ ತಡೆಯುವುದು ಅವರಿಗೆ ರೂಢಿ, ಹೊಡೆಯದಿದ್ದರೆ ಏನು ಮಾಡಬೇಕೆಂದು ಅವರೂ ಯೋಚಿಸಬೇಕಾಯಿತು. ಬಹಳ ಹೊತ್ತು ಕೂತರು. ಆಮೇಲೆ ಮಣೆ ನೋಡುತ್ತಲೇ, "ಏನೋ ಕೇಳಬೇಕಂತ ಬಂದೀರಿ," ಎಂದರು.

"ಹೌದ್ರಿ."

"ಸವಿತಾನ ನೌಕರಿದಲ್ಲಾ? ಕೇಳ್ರಿ."

"ಅಕಿ ಕೆಲಸದ ದಿನ ನಮ್ಮ ಮನ್ಯಾಗಿದ್ದು ಗಜೇಂದ್ರಗಡಕ್ಕ ಹೋಗಿ ಬರಲೇನು ಅಂತ, ಬೀಗರ. ಸೂಟಿ ಇದ್ದಾಗ ಇಲ್ಲೇ ಬರ್ತಾಳ." ಇಷ್ಟೇ ಬಂತು ಬಾಯಿಂದ. ಪೀಠಿಕೆಯೂ ಇಲ್ಲ, ಮುಕ್ತಾಯವೂ ಇಲ್ಲ.

ಅವರು ಒಂಟೆಯೊಂದನ್ನು ಎತ್ತಿ, ಎಲ್ಲಿಡಬೇಕೆಂದು ಮರೆತವರಂತೆ ಹಿಡಿದುಕೊಂಡರು.

"ಮಂದಿ ಏನಂತಾರ ಅನ್ನೂದು ನನಗಿಲ್ರಿ," ಎಂದರು. ದನಿ ತಗ್ಗಿಸಿದ್ದರು. "ಇಕಿ ಕಾಲಿಂದ ಅದ. ನಾ ಕೈ ಹಿಡದ್ರ ಗಿರಿಜಾ ಹೆಜ್ಜಿ ಇಡೂದಿಲ್ಲ. ಸವಿತಾ ಮುಂದ ನಿಂತ್ರ ಇಡ್ತಾಳ. ದೀಪಾವಳಿಗೆ ಆ ಹುಡುಗಿ ನಿಮ್ಮ ಮನಿಗೆ ಬಂದಿತ್ತಲ್ಲ, ಇಕಿ ಹಾಸಿಗಿ ಬಿಟ್ಟು ಏಳಲಿಲ್ಲ. ತಿರುಗಿ ಬರೂತನಾ ಗ್ವಾಡಿ ನೋಡ್ಕೋತ ಮಲಗಿದ್ಲು."

"ಅದನ್ನ ಸವಿತಾಗ ಹೇಳೀರೇನ್ರಿ?"

"ಹ್ಯಾಂಗ ಹೇಳ್ಲಿ? ಹೇಳಿದ್ರ ಅಕಿ ನೌಕರಿನ ಒಲ್ಲೆ ಅಂತಾಳ. ನಾ ಬ್ಯಾಡ ಅಂದಂಗ ಆತು. ಹೋಗು ಅಂದ್ರ ಇಕಿನ್ನ ಹಾಸಿಗ್ಯಾಗ ಕೆಡವಿದಂಗ ಆತು." ಒಂಟೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. "ಅದಕ್ಕ ನೋಡೂಣು ಅಂದೆ."

ಈ ಮನುಷ್ಯ ಏನನ್ನೂ ಹೇಳುವುದಿಲ್ಲ ಎಂದು ನಾವೆಲ್ಲ ಬೇಜಾರು ಮಾಡಿಕೊಂಡಿದ್ದೆವು. ಅವರಿಗೆ ಹೇಳಲು ಇದ್ದ ಎರಡು ಮಾತುಗಳಲ್ಲಿ ಯಾವುದನ್ನು ಹೇಳಿದರೂ ಯಾರಿಗೋ ಪೆಟ್ಟಾಗುತ್ತಿತ್ತು.

ಆಗ ಒಳಗಿನಿಂದ ಕೋಲಿನ ಸಪ್ಪಳ ಕೇಳಿಸಿತು. ಬೀಗರು ಏಳಲು ಹೋದರು.

"ಕುಂದರ್ರಿ," ಎಂದಿತು ಒಳಗಿನ ದನಿ.

ಗಿರಿಜವ್ವ ಬಾಗಿಲ ತನಕ ಬರಲು ಬಹಳ ಹೊತ್ತು ಹಿಡಿಯಿತು. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಚೌಕಟ್ಟಿಗೆ ಹೆಗಲು ಕೊಟ್ಟು ನಿಂತು ಉಸಿರು ತೆಗೆದುಕೊಂಡರು.

"ಬಿದ್ದದ್ದು ನನ್ನ ಕಾಲು. ಕಿವಿ ನೆಟ್ಟಗ ಅದಾವ," ಎಂದರು. ಮಾತು ನಿಧಾನವಾಗಿತ್ತು, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ. "ನಾನೂ ರೋಣಕ್ಕ ಹೋಗ್ತೀನಿ."

"ಎಲ್ಲಿಗೆ?" ಎಂದರು ಬೀಗರು.

"ಬೀಗರ ಮನಿಗೆ. ಅಕಿ ಸಂಗಾಟ. ಮುಂಜಾನೆ ಅಕಿ ನನ್ನ ನಡಸ್ತಾಳ, ಆಮ್ಯಾಲ ದವಾಖಾನಿಗೆ ಹೋಗ್ತಾಳ. ಸಂಜಿಗೆ ಬಂದು ಮತ್ತ ನಡಸ್ತಾಳ."

"ಬೀಗರ ಮನ್ಯಾಗ ವಾರಗಟ್ಲೆ ಇರೂದಂದ್ರ ಏನ ಚೆಂದ? ಯಾರರೆ ಕೇಳಿದ್ರ ಏನ್ ಹೇಳೂದು?"

"ಇಟಗಿ ಭೀಮವ್ವನ ದರ್ಶನಕ್ಕ ಹೋಗ್ಯಾಳ ಅಂತ ಹೇಳ್ರಿ. ರೋಣದಿಂದ ಹತ್ರ ಆಗ್ತದ."

"ಪ್ರತಿ ವಾರ?"

"ನನಗ ಭಕ್ತಿ ಭಾಳ ಅದ," ಎಂದರು ಗಿರಿಜವ್ವ. ಆಮೇಲೆ ನನ್ನ ಕಡೆ ತಿರುಗಿದರು. "ನಿಮಗ ಅಡಚಣಿ ಇದ್ರ ಈಗ ಹೇಳ್ರಿ, ಬೀಗರ. ಆಮ್ಯಾಲ ಮುಖ ಸಣ್ಣ ಮಾಡಬ್ಯಾಡ್ರಿ."

ನಾನು ಒಬ್ಬರನ್ನು ಕೇಳಲು ಹೋಗಿದ್ದೆ, ಇಬ್ಬರು ಬರುವುದಾಯಿತು. ಅದೂ ಗಂಡಿನ ತಾಯಿ. ಮದುವೆಯ ದಿನ ಅವರ ತಟ್ಟೆಗೆ ಹೋಳಿಗೆ ತಡವಾಗಿ ಬಂತೆಂದು ಶಾರದಾ ಎಷ್ಟು ದಿನ ಕೊರಗಿದ್ದಳು ಎಂಬುದು ನನಗೆ ನೆನಪಾಯಿತು. ಆದರೂ ನನ್ನ ಬಾಯಿ ಹೆಂಡತಿಯನ್ನು ಕೇಳದೆಯೇ, "ಅಡಚಣಿ ಏನ್ರಿ, ಬರ್ರಿ. ನಿಮ್ಮ ಮನಿ ಅದು," ಎಂದುಬಿಟ್ಟಿತು. ಆಮೇಲೆ ಅಂಗಳಕ್ಕೆ ಹೋಗಿ ಮನೆಗೆ ಫೋನು ಹಚ್ಚಿ ಎಲ್ಲ ಹೇಳಿದೆ.

"ಬರಲಿ," ಎಂದಳು ಶಾರದಾ. "ಆದ್ರ ನಮ್ಮಲ್ಲಿ ಕಮೋಡ್ ಇಲ್ಲಲ್ರಿ. ಅವ್ರು ಹ್ಯಾಂಗ ಕುಂದರಬೇಕು? ನಾಳಿಗೇ ಹಾಕಸ್ರಿ. ಬಚ್ಚಲದಾಗ ಹಿಡಕೊಳ್ಳಾಕ ಒಂದು ಕಬ್ಬಿಣದ ಪೈಪೂ ಬೇಕು."

ತಿರುಗಿ ಬಂದಾಗ ಸವಿತಾ ಮಾಳಿಗೆಯಿಂದ ಇಳಿದು ಬಂದಿದ್ದಳು. ಅತ್ತೆ ಸೊಸೆ ಒಳಗೆ ಏನೋ ಮಾತಾಡುತ್ತಿದ್ದರು. ಸವಿತಾ ಅಳುತ್ತಿದ್ದಳೋ ಬಯ್ಯುತ್ತಿದ್ದಳೋ ಹೊರಗೆ ಸರಿಯಾಗಿ ತಿಳಿಯಲಿಲ್ಲ. ಬೀಗರು ಮಣೆಯ ಮುಂದೆ ಹಾಗೇ ಕೂತಿದ್ದರು. "ಆಡ್ರಿ, ನಿಮ್ಮದ ನಡಿ," ಅಂದೆ. ಅವರು ನೋಡದೆಯೇ ಒಂದು ಕಾಯಿ ಸರಿಸಿದರು. ಅದರ ಹಿಂದೆ ಆಸರೆಯಲ್ಲಿದ್ದ ಕುದುರೆ ಬಯಲಿಗೆ ಬಿತ್ತು. ಅವರ ಕೋಟೆಯಲ್ಲಿ ನಾನು ಕಂಡ ಮೊದಲನೆಯ ಬಿರುಕು ಅದು.

ಆ ಹೊತ್ತಿನಲ್ಲಿ ಅದನ್ನು ಕಾಣದವನಂತೆ ಬಿಟ್ಟುಬಿಡಬೇಕಿತ್ತು ಎಂದು ನೀವು ಅನ್ನಬಹುದು. ಶಾರದಾಳೂ ಅದನ್ನೇ ಅಂದಳು. ನಾನು ಕುದುರೆಯನ್ನು ತಿಂದೆ.

ಬೀಗರು ಖಾಲಿಯಾದ ಮನೆಯನ್ನು ನೋಡುತ್ತ ಕೂತರು. "ಮನಿಮಂದೀನೂ ಹೋತು, ಕುದರೀನೂ ಹೋತು," ಎಂದು ತಮ್ಮ ರಾಜನನ್ನು ಅಡ್ಡ ಮಲಗಿಸಿದರು. ಆಮೇಲೆ ಇಬ್ಬರೂ ನಕ್ಕೆವು. ಒಳಗೆ ಅತ್ತೆ ಸೊಸೆಯ ಮಾತು ಒಂದು ಕ್ಷಣ ನಿಂತಿತು. ಆ ಪಡಸಾಲೆಯಲ್ಲಿ ನಾವು ನಕ್ಕದ್ದನ್ನು ಅವರು ಹಿಂದೆ ಕೇಳಿರಲಿಲ್ಲ.

ಕಮೋಡು ಕೂತಿತು, ಪೈಪು ಕೂತಿತು. ಅತ್ತೆ ಸೊಸೆ ಮೊದಲ ಸಲ ಬರುವ ದಿನ ನಾನು ರೋಣದ ಬಸ್ ನಿಲ್ದಾಣದಲ್ಲಿ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಬೀಗರು ಅವರನ್ನು ನರಗುಂದದಲ್ಲಿ ಹತ್ತಿಸಿ, ಅಲ್ಲಿಂದಲೇ ಫೋನು ಮಾಡುತ್ತಿದ್ದರು. ಬಸ್ಸು ಬಂತೇನ್ರಿ, ಇನ್ನೂ ಬಂದಿಲ್ಲೇನ್ರಿ.

ಬಸ್ಸು ಬಂತು. ಸವಿತಾ ಮೊದಲು ಇಳಿದು, ಚೀಲಗಳನ್ನು ಕೆಳಗಿಟ್ಟು, ಬಾಗಿಲಿಗೆ ಎದುರಾಗಿ ನಿಂತಳು. ಗಿರಿಜವ್ವ ಕಂಬಿ ಹಿಡಿದು ಮೆಟ್ಟಿಲಿಗೆ ಬಂದರು. ಹಿಂದೆ ಇಳಿಯುವ ಜನ ಸಾಲುಗಟ್ಟಿ ನಿಂತಿದ್ದರು. ಯಾರೋ ಗೊಣಗಿದರು. ಕಂಡಕ್ಟರು ಹಿಂದಿನವರ ಕಡೆ ಕೈಯೆತ್ತಿ, "ಸಾವಕಾಶ ಇಳೀರಿ ಅವ್ವಾರ, ಬಸ್ಸು ಎಲ್ಲೂ ಹೋಗಂಗಿಲ್ಲ," ಎಂದ.

"ಅತ್ತಿ, ಇಳಿಯೂ ಮುಂದ ಯಾವ ಕಾಲು?" ಎಂದು ಕೇಳಿದಳು ಸವಿತಾ.

"ಸೋತ ಕಾಲು," ಎಂದರು ಅವರು. ಎಡಗಾಲನ್ನು ಕೆಳಗಿಟ್ಟರು, ಬಲಗಾಲನ್ನು ಜೊತೆಗೆ ತಂದರು. ಕೊನೆಯ ಮೆಟ್ಟಿಲಿನಲ್ಲಿ ನಿಂತುಬಿಟ್ಟರು. ಅಲ್ಲಿಂದ ನೆಲ ದೂರವಿತ್ತು. ಮುಖದಲ್ಲಿ ಬೆವರು ಬಂದಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಸವಿತಾ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡಪ್ಪಾ. ಇಳೀತಾರ."

ಗಿರಿಜವ್ವ ಕೋಲನ್ನು ಮೊದಲು ನೆಲಕ್ಕೆ ಊರಿದರು, ಅದು ಗಟ್ಟಿಯಾಗಿ ನಿಂತಿತೇ ಎಂದು ಒತ್ತಿ ನೋಡಿದರು, ಆಮೇಲೆ ಎಡಗಾಲನ್ನು ಬಿಟ್ಟರು. ಒಂದು ಕ್ಷಣ ಮೈ ಓಲಾಡಿತು. ಬಲಗಾಲು ಬಂದು ಪಕ್ಕದಲ್ಲಿ ನಿಂತಿತು. ನನ್ನ ಜೇಬಿನಲ್ಲಿ ಮತ್ತೆ ಫೋನು ಹೊಡೆದುಕೊಳ್ಳತೊಡಗಿತು.

ಗಿರಿಜವ್ವ ಸೆರಗು ಸರಿ ಮಾಡಿಕೊಂಡು ಆಟೋ ಎಲ್ಲಿದೆಯೆಂದು ನೋಡಿದರು.

"ಅವರಿಗೆ ಹೇಳ್ರಿ," ಎಂದರು, "ಇಳದೆ ಅಂತ."